ಕಾಗೆಬಣ್ಣದ ಸಹಿ

"ಇನ್ನೈದೇ ನಿಮಿಷ" ಎಂದು ಅವನು ಅಲಾರಂ ಗಡಿಯಾರದ ತಲೆಗೆ ಮೊಟಕಿದಾಗ ಗಂಟೆ ಏಳೂವರೆ. ಕಣ್ಣು ಬಿಟ್ಟಾಗ ಹತ್ತೂ ಮುಕ್ಕಾಲು. ನಡುವಿನ ಮೂರೂಕಾಲು ಗಂಟೆ ಯಾರ ಮನೆಗೆ ಹೋಗಿತ್ತೋ ಅವನಿಗೂ ಗೊತ್ತಿಲ್ಲ, ಗಡಿಯಾರಕ್ಕೂ ಗೊತ್ತಿಲ್ಲ.

ಎಬ್ಬಿಸಬೇಕಾದ ಹೆಂಡತಿ ಮಗಳನ್ನು ಕರೆದುಕೊಂಡು ಬೆಳಿಗ್ಗೆಯೇ ಪ್ರಯಾಣದ ಸಾಮಾನು ತರಲು ಹೋಗಿದ್ದಳು. ಹೊರಡುವಾಗ "ಎದ್ರಾ?" ಎಂದು ಕೇಳಿದ್ದಳು, ಅವನು "ಹ್ಞೂಂ" ಅಂದಿದ್ದ. ನಿದ್ದೆಯಲ್ಲೂ ಹೆಂಡತಿಯ ಮಾತಿಗೆ ಎದುರಾಡದ ಗಂಡ ಅವನು.

ಕಚೇರಿಯಲ್ಲಿ ಅವನಿಗೆ ಇದ್ದ ಹೆಸರೇ ಐದ್ನಿಮಿಷ. ಹುಟ್ಟು, ಮದುವೆ, ಸಾವು ಮೂರನ್ನೂ ದಪ್ಪ ಪುಸ್ತಕಗಳಲ್ಲಿ ಬರೆದಿಡುವ ಆ ಕಚೇರಿಯಲ್ಲಿ ಅವನು ಮದುವೆ ವಿಭಾಗದ ಗುಮಾಸ್ತ. ಊರಿನ ಅರ್ಧ ಮದುವೆಗಳಿಗೆ ಅವನು ತಡವಾಗಿ ಬಂದು ಸಹಿ ಹಾಕಿದ್ದ. ಮದುಮಕ್ಕಳು ಕಾದಿದ್ದರು, ಬೇರೆ ದಾರಿ ಇರಲಿಲ್ಲ.

ಆದರೆ ಇವತ್ತು ತಡವಾಗುವ ಹಾಗೇ ಇರಲಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಸಮುದ್ರದ ಊರಿಗೆ ರೈಲು. ಮದುವೆಯಾದ ವಾರದಲ್ಲಿ "ಬರೋ ತಿಂಗಳು ಸಮುದ್ರ ತೋರಿಸ್ತೀನಿ" ಎಂದು ಹೆಂಡತಿಗೆ ಹೇಳಿ ಒಂಬತ್ತು ವರ್ಷವಾಗಿತ್ತು. ಮಗಳು ಚಿತ್ರ ಬರೆದರೆ ಸಮುದ್ರಕ್ಕೆ ಹಸಿರು ಬಳಿಯುತ್ತಿದ್ದಳು. ಯಾಕೆಂದು ಕೇಳಿದರೆ, "ನಾನೇನು ನೋಡಿದೀನಾ?" ಎಂದು ತಿರುಗಿ ಕೇಳುತ್ತಿದ್ದಳು. ಅವನ ಒಂದು ವಾರದ ರಜೆಯ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು. ತಿಂಗಳಲ್ಲಿ ಮೂರು ಸಲ ತಡವಾದವರಿಗೆ ರಜೆ ಇಲ್ಲ ಎಂಬ ನಿಯಮವೂ ಅದರ ಪಕ್ಕದಲ್ಲೇ ಗಾಜಿನಡಿ ಇತ್ತು. ಅವನು ಈಗಾಗಲೇ ಎರಡು ಸಲ ಸಿಕ್ಕಿಬಿದ್ದಿದ್ದ.

ಸಿಕ್ಕಿಹಾಕಿಸಿದ್ದು ಮನುಷ್ಯರಲ್ಲ, ಇಂಕು.

ಆ ಕಚೇರಿಯಲ್ಲಿ ಹಳೆಯ ಕಾಲದಿಂದಲೂ ಒಂದೇ ಇಂಕು. ಮಾಚಿಕಾಯಿಯ ಒಗರಿಗೆ ಕಬ್ಬಿಣದ ಉಪ್ಪು ಬೆರೆಸಿ ಮಾಡಿದ್ದು; ನೀರು ಬಿದ್ದರೂ ಹೋಗದು, ನೂರು ವರ್ಷ ಕಳೆದರೂ ಅಳಿಸದು. ಹೊಸದಾಗಿ ಬಂದ ಸಾಹೇಬರು ಅದರ ಇನ್ನೊಂದು ಗುಣವನ್ನೂ ಕಂಡುಕೊಂಡಿದ್ದರು. ಬಂದ ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು:

"ಬೆಳಿಗ್ಗೆ ಹೊತ್ತು ನಾನು ಮುಖ್ಯ ಕಚೇರಿಯಲ್ಲಿರ್ತೀನಿ. ನನ್ನ ಬದಲು ಈ ಇಂಕು ನಿಮ್ಮನ್ನ ನೋಡ್ಕೊಳ್ಳತ್ತೆ. ಬರೆಯುವಾಗ ಆಕಾಶದ ಬಣ್ಣ. ಒಂದು ಗಂಟೆ ಗಾಳಿ ಕುಡಿದ್ರೆ ಮೋಡದ ಬಣ್ಣ. ಮೂರು ಗಂಟೆ ಆದ್ರೆ ಕಾಗೆ ಬಣ್ಣ. ನಾನು ಹನ್ನೆರಡಕ್ಕೆ ಬಂದು ಕಾರ್ಡು ನೋಡ್ತೀನಿ. ಒಂಬತ್ತಕ್ಕೆ ಬಂದೋರದ್ದು ಕಾಗೆ ಆಗಿರಬೇಕು. ಆಕಾಶ ಕಂಡ್ರೆ ಕೆಂಪು ಗುರುತು."

ಹನ್ನೊಂದೂಕಾಲಿಗೆ ಐದ್ನಿಮಿಷ ಏದುಸಿರು ಬಿಡುತ್ತಾ ಕಚೇರಿಯ ಬಾಗಿಲಿಗೆ ಬಂದ. ಬಾಗಿಲ ಪಕ್ಕದ ಗೋಡೆಯಲ್ಲಿ ಮರದ ಗೂಡು, ಅದರಲ್ಲಿ ಏಳು ಜನರ ಏಳು ಹಾಜರಿ ಕಾರ್ಡು. ಕೆಳಗೆ ಸ್ಟೂಲಿನ ಮೇಲೆ ಇಂಕಿನ ಕುಡಿಕೆ, ಸರಪಳಿ ಕಟ್ಟಿದ ಪೆನ್ನು. ಸ್ಟೂಲಿಗೆ ಅಡ್ಡವಾಗಿ ಕಚೇರಿಯ ಅಜ್ಜಿ ಕೂತು ನೆಲ ಉಜ್ಜುತ್ತಿದ್ದಳು. ಕಸ, ಕೀಲಿ, ಚಹಾ ಮೂರೂ ಅವಳ ಸುಪರ್ದಿಗೆ ಸೇರಿದ್ದವು.

"ದಾಟ್ಬೇಡ ಮಗಾ, ಒದ್ದೆ ಇದೆ. ಇದೇನ್ ಕಲೆಯೋ, ಉಜ್ಜಿದಷ್ಟೂ ಕರ್ರಗಾಗ್ತಿದೆ. ಈ ಮಂಡಿನೋವಲ್ಲಿ ಎಂಟಕ್ಕೆ ಬಂದು ಬಾಗಿಲೂ ತೆಗೀಬೇಕು, ನೆಲಾನೂ ಉಜ್ಜಬೇಕು..."

ಅವಳು ಕಾಲೊರಸನ್ನು ಎಳೆದು ಕಲೆಯ ಮೇಲೆ ಮುಚ್ಚಿದಳು. ಅವನಿಗೆ ಅದನ್ನು ಕೇಳುವ ಪುರುಸೊತ್ತಿರಲಿಲ್ಲ. ಅವಳ ತಲೆಯ ಮೇಲಿಂದ ಕೈ ಚಾಚಿ ತನ್ನ ಕಾರ್ಡು ಎಳೆದುಕೊಂಡ. ಸರಪಳಿಯ ಪೆನ್ನು ಎಟುಕಲಿಲ್ಲ. ಜೇಬಿನಲ್ಲಿ ತನ್ನದೇ ಪೆನ್ನಿತ್ತು. ಮದುವೆ ಪುಸ್ತಕ ಬರೆಯಲೆಂದು ನಿನ್ನೆ ಸಂಜೆ ಅದೇ ಕುಡಿಕೆಯಿಂದ ತುಂಬಿಸಿಕೊಂಡಿದ್ದ. ಅದರಲ್ಲೇ ಸಹಿ ಎಳೆದ.

ಮೇಲಿನ ಸಾಲಲ್ಲಿ ಹಿಂದಿನ ದಿನಗಳ ಸಹಿಗಳು ತಂತಿಯ ಮೇಲೆ ಕೂತ ಕಾಗೆಗಳ ಹಾಗೆ ಒತ್ತೊತ್ತಾಗಿ ಕೂತಿದ್ದವು. ಕೆಳಗೆ ಇವತ್ತಿನದು ಆಗತಾನೇ ತೊಳೆದು ಹರವಿದ ಆಕಾಶ.

ಅಜ್ಜಿಯರ ಕತೆಯಲ್ಲಿ ರಾಕ್ಷಸನ ಪ್ರಾಣ ಗಿಣಿಯೊಳಗೆ ಇರುತ್ತದಲ್ಲ, ಹಾಗೆ ಅವನ ಪ್ರಾಣ ಈಗ ಅಂಗೈಯಗಲದ ಆ ಕಾರ್ಡಿನೊಳಗೆ ಹೋಗಿ ಕೂತಿತು. ಉಫ್ ಉಫ್ ಎಂದು ಊದಿದ. ಊದುತ್ತಲೇ ಒಳಗೆ ಬಂದ.

"ಏನೋ ಐದ್ನಿಮಿಷ, ಬಿಸಿ ಇದೆಯಾ?" ಎಂದಳು ಜನನದ ಅಕ್ಕ. ಜನನ ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತು ಊರಿನ ಎಲ್ಲ ಮಕ್ಕಳಿಗೂ ತಾನೇ ದೊಡ್ಡಮ್ಮ ಎಂಬಂತಾಗಿದ್ದಳು.

"ಅಕ್ಕಾ, ಮುಕ್ಕಾಲು ಗಂಟೆಯಲ್ಲಿ ಇದು ಕಪ್ಪಾಗಬೇಕು. ಇಲ್ಲಾಂದ್ರೆ ನನ್ನ ರಜೆ ಹೋಯ್ತು. ರಜೆ ಹೋದ್ರೆ ನಾನೂ ಹೋದೆ."

"ಹೋಗೋದಾದ್ರೆ ನನ್ನ ಹತ್ರ ಬಾ, ಚೆನ್ನಾಗಿ ಬರ್ಕೋತೀನಿ," ಎಂದ ಪಕ್ಕದ ಮೇಜಿನ ಮರಣದಣ್ಣ, ಪುಸ್ತಕದಿಂದ ತಲೆ ಎತ್ತದೆ. "ನಮ್ಮ ವಿಭಾಗಕ್ಕೆ ಬರೋರಿಗೆ ಯಾವ ಅವಸರಾನೂ ಇರಲ್ಲ ನೋಡು."

"ನಿಮ್ಮ ಬಾಯಿಗಿಷ್ಟು! ಪಾಪ, ಹುಡುಗಿ ಸಮುದ್ರ ನೋಡಬೇಕು ಅಂತ ಕಾಯ್ತಿದೆ," ಎಂದು ಅಕ್ಕ ಗದರಿ, ಕಾರ್ಡನ್ನು ಕಿತ್ತುಕೊಂಡು ನೋಡಿದಳು. "ಇದಕ್ಕೆ ಗಾಳಿ ಬೇಕು ಕಣೋ. ಸಾಹೇಬರೇ ಹೇಳಿಲ್ವಾ, ಗಾಳಿ ಕುಡಿದ್ರೆ ಕಪ್ಪಾಗತ್ತೆ ಅಂತ? ಮಹಡಿಗೆ ನಡಿ. ಅಲ್ಲಿ ಬಿಸಿಲೂ ಇದೆ."

ಮಹಡಿಯ ಮೇಲೆ ಗಾಳಿಗೆ ಬರವಿರಲಿಲ್ಲ. ಅವನು ಕಾರ್ಡನ್ನು ಗೋಡೆಯ ಅಂಚಿನಲ್ಲಿ ಹರವಿ, ಒಂದು ಕಲ್ಲಿಗಾಗಿ ಹಿಂದೆ ತಿರುಗಿದ. ತಿರುಗಿ ಬರುವಷ್ಟರಲ್ಲಿ ಕಾರ್ಡು ಹೊಟ್ಟೆ ತುಂಬ ಗಾಳಿ ಕುಡಿದು, ತೇಲಿ, ಎರಡು ಪಲ್ಟಿ ಹೊಡೆದು, ಬೀದಿಯಾಚೆಗಿನ ಇಸ್ತ್ರಿ ಅಂಗಡಿಯೊಳಗೆ ಹೋಗಿ ಬಿದ್ದಿತು.

ಐದ್ನಿಮಿಷ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಇಳಿದ. ಅವನ ಹಿಂದೆ ಮರಣದಣ್ಣ, ಅವನ ಹಿಂದೆ ಅಕ್ಕ. ಕೆಲಸ ಬಿಟ್ಟು ಓಡಲು ಇಷ್ಟು ಒಳ್ಳೆಯ ಕಾರಣ ಅವರಿಗೆ ವರ್ಷಕ್ಕೊಮ್ಮೆಯೂ ಸಿಗುತ್ತಿರಲಿಲ್ಲ.

ಇಸ್ತ್ರಿಯವನು ಬಟ್ಟೆಯ ರಾಶಿಯ ಮುಂದೆ ನಿಂತಿದ್ದ. "ಕಾರ್ಡಾ? ಯಾವ ಕಾರ್ಡು? ಈಗ ತಾನೇ ಹನ್ನೆರಡು ಅಂಗಿ ಮಡಚಿದೀನಿ."

ಹನ್ನೆರಡನ್ನೂ ಬಿಡಿಸಿದರು. ಒಂಬತ್ತನೆಯ ಅಂಗಿಯ ಹೊಟ್ಟೆಯೊಳಗೆ ಕಾರ್ಡು ಬೆಚ್ಚಗೆ ಮಲಗಿತ್ತು. ಇಸ್ತ್ರಿಯ ಕಾವು ತಾಗಿ ಸಹಿ ಆಕಾಶದಿಂದ ಇಳಿದು ಮೋಡವಾಗಿತ್ತು.

"ಅಯ್ಯೋ, ಕೆಲಸ ಮಾಡ್ತಿದೆ!" ಎಂದು ಐದ್ನಿಮಿಷ ಕುಣಿದ. "ಇನ್ನೊಂದು ಸಲ ಉಜ್ಜಣ್ಣಾ!"

"ಅಂಗಿಗಳನ್ನ ಮಡಚೋರ್ಯಾರು?"

ಮೂವರೂ ಹನ್ನೆರಡು ಅಂಗಿ ಮಡಚಿದರು. ಇಸ್ತ್ರಿಯವನು ಮದುಮಗನ ಕೋಟಿಗೆ ಉಜ್ಜುವಷ್ಟು ಶ್ರದ್ಧೆಯಿಂದ ಸಹಿಯನ್ನು ಉಜ್ಜಿದ. ಅದು ಮಳೆಮೋಡದವರೆಗೆ ಬಂದು ನಿಂತುಬಿಟ್ಟಿತು. ಕಾಗೆಯಾಗಲು ಒಪ್ಪಲಿಲ್ಲ. ಗಂಟೆ ಹನ್ನೆರಡಕ್ಕೆ ಹತ್ತು ನಿಮಿಷ.

ಆಗ ಅಕ್ಕನಿಗೆ ಜ್ಞಾನೋದಯವಾಯಿತು. "ಕಾಯಿಯ ಒಗರು, ಕಬ್ಬಿಣ, ಇಷ್ಟೇ ತಾನೇ ಇದು? ಒಗರು ಜಾಸ್ತಿ ಮಾಡಿದ್ರೆ ಕಪ್ಪು ಜಾಸ್ತಿ. ಒಂದು ಕಡಕ್ ಚಹಾ ತರಿಸಿ, ಹಾಲು ಬೇಡ."

ಮೂವರೂ ಕಚೇರಿಗೆ ಓಡಿದರು. ಅಜ್ಜಿ ಕಪ್ಪು ಚಹಾ ಕೊಟ್ಟಳು. ಅಕ್ಕ ಪೆನ್ಸಿಲಿನ ತುದಿಯಿಂದ ಸಹಿಯ ಮೇಲೆ ಹನಿ ಹನಿಯಾಗಿ ತೊಟ್ಟಿಕ್ಕಿಸಿದಳು. ಮರಣದಣ್ಣ ಸತ್ತವರ ಪುಸ್ತಕದಿಂದ ಗಾಳಿ ಬೀಸಿದ. ಐದ್ನಿಮಿಷ ಕಣ್ಣು ಮುಚ್ಚಿ ನಿಂತ. ಕಣ್ಣು ಬಿಟ್ಟಾಗ ಕಾರ್ಡಿನ ಮೇಲೆ, ಕಂದು ಬಣ್ಣದ ಮಚ್ಚೆಯ ನಡುವೆ, ಕಾಗೆ! ಕಾಗೆಯೆಂದರೆ ಕಾಗೆಗಳ ರಾಜ.

"ಅಕ್ಕಾ, ನಿಮ್ಮ ಋಣ ಹೇಗೆ ತೀರಿಸಲಿ?"

"ಬರುವಾಗ ಒಂದು ಶಂಖ ತಗೊಂಬಾ, ಸಾಕು."

ಕಾರ್ಡು ಗೂಡು ಸೇರುವುದಕ್ಕೂ ಸಾಹೇಬರ ಬೂಟು ಮೆಟ್ಟಿಲ ಮೇಲೆ ಸದ್ದು ಮಾಡುವುದಕ್ಕೂ ಸರಿಹೋಯಿತು.

ಸಾಹೇಬರು ಏಳೂ ಕಾರ್ಡು ತಮ್ಮ ಮೇಜಿಗೆ ಒಯ್ದು, ಎಲ್ಲರನ್ನೂ ಮುಂದೆ ನಿಲ್ಲಿಸಿಕೊಂಡು, ಒಂದೊಂದಾಗಿ ಹರವಿದರು. ಮೊದಲನೆಯದು ಜನನದ ಅಕ್ಕನದು. ಆಕಾಶ. ಎರಡನೆಯದು ಮರಣದಣ್ಣನದು. ಆಕಾಶ. ಮೂರು, ನಾಲ್ಕು, ಐದು, ಆರು, ಎಲ್ಲವೂ ಒಂದು ಚೂರು ಮೋಡವಿಲ್ಲದ ತಿಳಿ ಆಕಾಶ.

ಒಂಬತ್ತಕ್ಕೇ ಬಂದು ಸಹಿ ಹಾಕಿದ್ದ ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಹಿ ಹಾಕುವಾಗ ನೀಲಿಯಿದ್ದದ್ದು ಎಂದಿನ ಹಾಗೇ. ಆಮೇಲೆ ತಿರುಗಿ ನೋಡಿದವರು ಯಾರು?

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಆರೂ ಜನ ತಡವಾಗಿ ಬರೋದು ಅಂದ್ರೆ... ಇರಲಾರದು. ಇಂಕೇ ಕೆಟ್ಟಿರಬೇಕು."

ಆರು ಎದೆಗಳಿಂದ ಒಟ್ಟಿಗೆ ಉಸಿರು ಹೊರಬಂತು. ಸಾಹೇಬರು ಏಳನೆಯ ಕಾರ್ಡು ತಿರುಗಿಸಿದರು.

ಕಾಗೆ.

"ಓಹೋ," ಎಂದರು ಸಾಹೇಬರು. "ಇಂಕು ಕೆಟ್ಟಿದ್ರೆ ಇದು ಹೇಗೆ ಕಪ್ಪಾಯ್ತು?"

ಐದ್ನಿಮಿಷ ಬಾಗಿಲ ಕಡೆ ನೋಡಿದ. ಅಲ್ಲಿ ಅಜ್ಜಿ ಕಾಲೊರಸಿನ ಮೇಲೆ ಗಟ್ಟಿಯಾಗಿ ನಿಂತಿದ್ದಳು. ಅದರ ಅಂಚಿನಿಂದ ಕಪ್ಪು ಕಲೆ ಇಣುಕುತ್ತಿತ್ತು. ಕಚೇರಿಯ ಇಂಕು ಬೆಳಿಗ್ಗೆಯೇ ನೆಲದ ಪಾಲಾಗಿತ್ತು! ಕುಡಿಕೆಯಲ್ಲಿದ್ದದ್ದು ಅಂಗಡಿಯಿಂದ ತಂದ, ಶಾಲೆಯ ಮಕ್ಕಳ ಸಾಧಾರಣ ನೀಲಿ. ಯುಗ ಕಳೆದರೂ ನೀಲಿಯೇ. ಅಸಲಿ ಇಂಕು ಉಳಿದಿದ್ದದ್ದು ಅವನ ಜೇಬಿನ ಪೆನ್ನಿನಲ್ಲಿ ಮಾತ್ರ. ಅಜ್ಜಿ ಅವನ ಕಣ್ಣಿಗೆ ಕಣ್ಣು ಕೊಡದೆ ಫ್ಯಾನು ನೋಡತೊಡಗಿದಳು.

"ಸರ್, ಇವನು ಬಂದಿದ್ದೇ ಹನ್ನೊಂದೂಕಾಲಿಗೆ!" ಎಂದು ಕೂಗಿದ ಮರಣದಣ್ಣ. "ನಾನೇ ಕಣ್ಣಾರೆ ನೋಡಿದೆ!"

"ಹೇಗೆ ನೋಡಿದ್ರಿ? ನಿಮ್ಮ ಸಹಿ ಪ್ರಕಾರ ಆಗ ನೀವೇ ಬಂದಿರಲಿಲ್ಲ. ಇಂಕಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ರೀ."

"ಸರ್, ಅದನ್ನ ಕಪ್ಪು ಮಾಡಿದ್ದು..." ಎಂದು ಶುರುಮಾಡಿದ ಅಕ್ಕ, ಮಾಡಿದ್ದು ಯಾರೆಂದು ನೆನಪಾಗಿ ಉಳಿದದ್ದನ್ನು ನುಂಗಿಕೊಂಡಳು.

ಸಾಹೇಬರು ಕಾರ್ಡನ್ನು ಬೆಳಕಿಗೆ ಹಿಡಿದರು. "ನೋಡಿ, ಕಾಗದ ಕೂಡ ಕಂದು ತಿರುಗಿದೆ. ಎಷ್ಟು ಬೇಗ ಬಂದಿರಬೇಕು ಈ ಮನುಷ್ಯ!"

ಆರು ಕಾರ್ಡುಗಳಿಗೆ ಕೆಂಪು ಗುರುತು ಬಿತ್ತು. ಆಮೇಲೆ ಸಾಹೇಬರು ರಜೆಯ ಅರ್ಜಿಯನ್ನು ಕೈಗೆತ್ತಿಕೊಂಡರು. ಐದ್ನಿಮಿಷನ ಕಿವಿಯಲ್ಲಿ ಆಗಲೇ ಅಲೆಗಳ ಸದ್ದು.

"ನಾಳೆಯಿಂದ ಒಂದು ವಾರ ರಜೆ ಕೇಳಿದ್ದೀರಿ."

"ಹೌದು ಸರ್. ಸಮುದ್ರ..."

"ಹೋಗಿಬನ್ನಿ ಅಂತಾನೇ ಇದ್ದೆ. ಆದ್ರೆ ಇವತ್ತು ಇದನ್ನೆಲ್ಲ ನೋಡಿದ ಮೇಲೆ ಹೇಗ್ರೀ ಕಳಿಸ್ಲಿ? ಇರೋನು ಒಬ್ಬನೇ ಒಬ್ಬ ಹೊತ್ತಿಗೆ ಸರಿಯಾಗಿ ಬರೋನು. ಅಜ್ಜಿ ಬೇರೆ ಮಂಡಿನೋವು, ಕೀಲಿ ಬೇರೆಯವರಿಗೆ ಕೊಡಿ ಅಂತ ದಿನಾ ಗೋಳಾಡ್ತಾರೆ. ನಾಳೆಯಿಂದ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯೋದು ನೀವು. ಅಜ್ಜಿ, ಆ ಒಂದು ವಾರ ರಜೆ ನೀವು ತಗೊಳ್ಳಿ."

"ಸರ್! ಸರ್, ನಿಜ ಹೇಳ್ತೀನಿ, ನಾನೂ ಇವತ್ತು ತಡವಾಗೇ ಬಂದೆ! ದೇವರಾಣೆ!"

ಸಾಹೇಬರ ಕಣ್ಣು ತೇವವಾಯಿತು. "ನೋಡಿದ್ರಾ?" ಎಂದರು ಉಳಿದವರ ಕಡೆ ತಿರುಗಿ. "ನಿಮ್ಮನ್ನ ಉಳಿಸೋಕೆ ತಪ್ಪನ್ನ ತನ್ನ ಮೇಲೆ ಹಾಕ್ಕೋತಿದ್ದಾರೆ. ಕಲೀರಿ."

ಅಜ್ಜಿ ಬಂದು, ಮಂಡಿನೋವಿನ ಸುಳಿವೇ ಇಲ್ಲದ ನಡಿಗೆಯಲ್ಲಿ, ಕೀಲಿಗೊಂಚಲನ್ನು ಅವನ ಅಂಗೈಯಲ್ಲಿಟ್ಟಳು. "ಸಮುದ್ರ ನಾನೂ ನೋಡಿಲ್ಲ ಮಗಾ," ಎಂದಳು ಮೆಲ್ಲಗೆ.

ಊಟದ ಹೊತ್ತಿಗೆ ಅವನು ಹೆಂಡತಿಗೆ ಫೋನು ಮಾಡಿದ.

"ರಜೆ ಸಿಗಲಿಲ್ಲ ಕಣೇ."

ಆ ಕಡೆ ಚೀಲದ ಜಿಪ್ಪು ಎಳೆಯುವ ಸದ್ದು ನಿಂತಿತು. "ತಡವಾಗಿ ಹೋದ್ರಾ?"

"ಇಲ್ಲ ಕಣೇ. ಎಲ್ಲರಿಗಿಂತ ಮೊದಲು ಬಂದೆ ಅಂತ ಸಾಹೇಬರು..."

ಜಿಪ್ಪು ಮತ್ತೆ ಸರ್ರನೆ ಎಳೆದ ಸದ್ದು ಕೇಳಿತು.

"ಒಂಬತ್ತು ವರ್ಷದಿಂದ ಕೇಳ್ತಿದೀನಿ ನಿಮ್ಮ ಸುಳ್ಳು," ಎಂದಳು ಹೆಂಡತಿ. "ಮೋಟಾರು ಕೆಟ್ಟಿತ್ತು, ಮಳೆ ಬಂತು, ಎಲ್ಲ ಸರಿ. ನಂಬೋ ಹಾಗಾದ್ರೂ ಇರ್ತಿತ್ತು. ನಾನೂ ಮಗಳೂ ಹೊರಟ್ವಿ. ನೀವು ನಿಮ್ಮ ಐದು ನಿಮಿಷ ಮಲಕ್ಕೊಂಡಿರಿ."

"ಅಲ್ಲ ಕಣೇ, ನಾಳೆಯಿಂದ ಎಂಟಕ್ಕೇ ಬಾಗಿಲು ತೆಗೀಬೇಕು. ಅಲಾರಂ ಗಡಿಯಾರ..."

"ಅದನ್ನ ಚೀಲಕ್ಕೆ ಹಾಕಾಯ್ತು," ಎಂದಳು ಅವಳು. "ನಮಗೆ ಆರಕ್ಕೆ ರೈಲು."