ಐವತ್ತರ ಮೇಲೆ ಮುಳ್ಳು

ಸರ್ವೇಯರ್ ಸಾಹೇಬರು ಊರವರ ಜಮೀನನ್ನೆಲ್ಲ ಅಂಗುಲದ ಲೆಕ್ಕದಲ್ಲಿ ಅಳೆದುಕೊಟ್ಟವರು. ಮನೆಯಲ್ಲಿ ಮಾತ್ರ ಅವರ ಅಳತೆಗೆ ಮರ್ಯಾದೆಯಿರಲಿಲ್ಲ. ಅವರ ಹಳೆಯ ಕಾರು ಆಸ್ಪತ್ರೆಯ ಏರಿನಲ್ಲಿ ಏದುಸಿರು ಬಿಟ್ಟು ನಿಂತ ದಿನ, ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವರ ಹೆಂಡತಿ ಇಳಿದು ಉಳಿದ ದಾರಿಯನ್ನು ನಡೆದೇ ಹೋದರು. ಸಂಜೆ ರಾಜಾಜ್ಞೆ ಹೊರಟಿತು: ಈ ಡಬ್ಬಿಗೆ ಇನ್ನೊಂದು ಸ್ಕ್ರೂ ಹಾಕಿಸಿದರೂ ಮನೆಯಲ್ಲಿ ಜಾಗವಿಲ್ಲ. (ಜಾಗವಿಲ್ಲದ್ದು ಕಾರಿಗೋ ಸಾಹೇಬರಿಗೋ ಎಂದು ನರ್ಸಮ್ಮ ಬಿಡಿಸಿ ಹೇಳಲಿಲ್ಲ, ಇವರೂ ಕೇಳಲಿಲ್ಲ.)

ಆದರೆ ಸಾಹೇಬರಿಗೆ ಆ ಕಾರೆಂದರೆ ಪ್ರಾಣ. ನರ್ಸಮ್ಮ ಡ್ಯೂಟಿಗೆ ಹೋದ ಒಂದು ಭಾನುವಾರ ಗುಟ್ಟಾಗಿ ಗ್ಯಾರೇಜಿಗೆ ಒಯ್ದು, ಹಿಂದಿನ ಚಕ್ರಗಳ ಆಕ್ಸಲ್ಲಿನ ಗೇರುಗಳನ್ನೇ ಬದಲಿಸಿಬಿಟ್ಟರು. ಕಾರು ಏರನ್ನು ಆಡಿನ ಹಾಗೆ ಹತ್ತತೊಡಗಿತು.

ಮೆಕ್ಯಾನಿಕ್ ಮಾತ್ರ ಒಂದು ಎಚ್ಚರಿಕೆ ಕೊಟ್ಟಿದ್ದ. ಮೊದಲು ಚಕ್ರ ಒಂದು ಸುತ್ತು ಬಂದರೆ, ಅದನ್ನು ತಿರುಗಿಸುವ ಉದ್ದನೆಯ ಶಾಫ್ಟ್ ನಾಲ್ಕು ಸುತ್ತುತ್ತಿತ್ತು, ಈಗ ಐದು. ಸ್ಪೀಡೋಮೀಟರು ಎಣಿಸುವುದು ಶಾಫ್ಟಿನ ಸುತ್ತನ್ನೇ ಹೊರತು ಚಕ್ರದ್ದನ್ನಲ್ಲ. ಹಾಗಾಗಿ ಕಾರು ನಲವತ್ತರಲ್ಲಿದ್ದರೆ ಮುಳ್ಳು ಐವತ್ತು ತೋರಿಸುತ್ತದೆ. ಮೀಟರಿನ ಕೇಬಲ್ಲಿಗೂ ಒಂದು ಪುಟ್ಟ ಗೇರು ಬದಲಿಸಬೇಕು, ಅದು ಬಂದೊಡನೆ ತಿಳಿಸುತ್ತೇನೆ ಎಂದಿದ್ದ.

ಮನೆಯಲ್ಲಿ ಸಾಹೇಬರು, ಆಯಿಲ್ ಬದಲಿಸಿದೆ ಎಂದರು. ಆಯಿಲ್‌ಗೆ ಇಷ್ಟು ಶಕ್ತಿಯೇ ಎಂದು ನರ್ಸಮ್ಮ ಕೇಳಿದ್ದಕ್ಕೆ, ಬಹಳ ಒಳ್ಳೆಯ ಆಯಿಲ್ ಎಂದರು.

ಪೀಕಲಾಟ ಶುರುವಾದದ್ದು ಆಮೇಲೆ. ಮುಳ್ಳು ಐವತ್ತು ದಾಟಕೂಡದು ಎಂಬುದು ಮದುವೆಯಾದಂದಿನಿಂದ ಆ ಸಂಸಾರದ ಕಾನೂನು. ನರ್ಸಮ್ಮ ಪಕ್ಕದಲ್ಲಿ ಕೂತು ಆ ಮುಳ್ಳನ್ನು ರೋಗಿಯ ಜ್ವರ ನೋಡಿದ ಹಾಗೆ ನೋಡುತ್ತಿದ್ದರು. ಒಂದು ದಿನ ಮೊಪೆಡ್ಡಿಗೆ ಮೊಟ್ಟೆಯ ಟ್ರೇ ಕಟ್ಟಿಕೊಂಡವನೊಬ್ಬ ಕಾರನ್ನು ಹಿಂದೆ ಹಾಕಿ, ಕನಿಕರದಿಂದ ತಿರುಗಿ ನೋಡಿ ಹೋದ. ಸತ್ಯವು ಸಾಹೇಬರ ಗಂಟಲವರೆಗೆ ಬಂದು ವಾಪಸಾಯಿತು.

ಪುಟ್ಟ ಗೇರಿನ ಸುಳಿವಿಲ್ಲ. ಅಷ್ಟರಲ್ಲಿ ಅದೇ ಆಸ್ಪತ್ರೆಯ ಹೆಡ್ ನರ್ಸ್ ಹುದ್ದೆಗೆ ನರ್ಸಮ್ಮನಿಗೆ ಇಂಟರ್‌ವ್ಯೂ ಬಂತು. ಅರವತ್ತು ಕಿಲೋಮೀಟರ್ ಆಚೆಯ ನಗರದಲ್ಲಿ, ಬೆಳಿಗ್ಗೆ ಹತ್ತಕ್ಕೆ ಎಂದರು ನರ್ಸಮ್ಮ. ಮನೆ ಬಿಟ್ಟಾಗ ಎಂಟು ನಲವತ್ತು. ನಿಜವಾದ ಐವತ್ತರಲ್ಲಿ ಹೋದರೆ ಎಂಟು ನಿಮಿಷ ಮುಂಚೆ, ಈ ಮುಳ್ಳಿನ ಐವತ್ತರಲ್ಲಾದರೆ ಹತ್ತು ನಿಮಿಷ ತಡ. ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿ ಬೆವರಿದರು.

ಒಂಬತ್ತೂಕಾಲಾದರೂ ಅರ್ಧ ದಾರಿ ಸಾಗಿರಲಿಲ್ಲ. ಸಾಹೇಬರು ಆಕ್ಸಿಲರೇಟರನ್ನು ಮೆಲ್ಲನೆ ಅದುಮಿದರು. ಮುಳ್ಳು ಐವತ್ತೈದಕ್ಕೆ ಹೋಯಿತು. ಪಕ್ಕದಿಂದ ಒಂದು ಕೆಮ್ಮು ಕೇಳಿಸಿತು. ಇಳಿಸಿದರು. ಇನ್ನೆರಡು ಮೈಲಿಗಲ್ಲು ಕಳೆದ ಮೇಲೆ ಅವರಿಂದ ತಡೆಯಲಾಗಲಿಲ್ಲ.

"ಹೀಗೇ ಹೋದ್ರೆ ನಿನ್ನ ಹುದ್ದೆ ಕೈತಪ್ಪುತ್ತೆ ಕಣೇ. ಮೀಟರ್ ಸುಳ್ಳು ಹೇಳ್ತಿದೆ. ನಾನೂ ಹೇಳಿದ್ದೀನಿ. ಅವತ್ತು ಬದಲಾಯಿಸಿದ್ದು ಆಯಿಲ್ ಅಲ್ಲ, ಹಿಂದಿನ ಚಕ್ರದ ಗೇರು."

ಹೇಳಿ ಭುಜ ಕುಗ್ಗಿಸಿ ಕಾದರು. ನರ್ಸಮ್ಮ ಮಡಿಲಲ್ಲಿದ್ದ ಫೈಲನ್ನು ಮುಚ್ಚಿದರು, ಅಷ್ಟೆ.

"ಗೊತ್ತು ರೀ. ಮೆಕ್ಯಾನಿಕ್ಕನ ತಾಯಿ ನನ್ನ ವಾರ್ಡಲ್ಲೇ ಇದ್ದಾರೆ. ಆ ಪುಟ್ಟ ಗೇರು ಬಂದು ಹತ್ತು ದಿನ ಆಯ್ತು. ನಾನೇ ಬೀರುವಲ್ಲಿಡು ಅಂದೆ."

ಸಾಹೇಬರು ಮುಳ್ಳನ್ನು ಬಿಟ್ಟು ಹೆಂಡತಿಯತ್ತ ತಿರುಗಿದರು. ಯಾಕೆ ಎಂದರು.

"ಐವತ್ತಕ್ಕೂ ನನಗೆ ಎದೆ ಡವಡವ ಅಂತಿತ್ತು. ಇಳಿಸಿ ಅಂದ್ರೆ ನಿಮ್ಮ ಮುಖ ಊದುತ್ತೆ. ಈಗ ನೋಡಿ, ನಿಮ್ಮ ಕಣ್ಣಿಗೆ ಐವತ್ತು, ನನ್ನ ಜೀವಕ್ಕೆ ನಲವತ್ತು."

"ಮತ್ತೆ ಇಂಟರ್‌ವ್ಯೂ?"

"ಅದು ಹನ್ನೊಂದಕ್ಕೆ. ನಲವತ್ತರ ಲೆಕ್ಕ ಹಾಕಿಯೇ ನಿಮಗೆ ಹತ್ತು ಅಂದಿದ್ದೆ."

ಹುದ್ದೆಯೇನೋ ಸಿಕ್ಕಿತು. ಮಾರನೆಯ ದಿನ ಸಾಹೇಬರು ಸೀದಾ ಗ್ಯಾರೇಜಿಗೆ ಹೋಗಿ, ಬೀರುವಿನಲ್ಲಿರುವ ಆ ಗೇರನ್ನು ಈಗಿಂದೀಗಲೇ ಹಾಕು ಎಂದು ಗುಡುಗಿದರು. ಮೆಕ್ಯಾನಿಕ್ ಬೀರುವಿನ ಕಡೆ ನೋಡಿದ, ಎಣ್ಣೆಗೈಯಲ್ಲೇ ತಲೆ ಕೆರೆದುಕೊಂಡ.

"ಹಾಕ್ತಿದ್ದೆ ಸರ್. ಆದ್ರೆ ನಮ್ಮಮ್ಮ ಇನ್ನೂ ಅಕ್ಕನ ವಾರ್ಡಲ್ಲೇ ಇದ್ದಾರೆ. ಅಕ್ಕ ಬೇರೆ ಈಗ ಹೆಡ್ಡು."