ಚಿಕ್ಕಪ್ಪನ ಪರ್‌ಹ್ಯಾಪ್ಸ್

ನಮ್ಮ ಚಿಕ್ಕಪ್ಪ ಹೌದು ಅಂದದ್ದನ್ನಾಗಲಿ, ಇಲ್ಲ ಅಂದದ್ದನ್ನಾಗಲಿ ಕೇಳಿದವರು ಇಡೀ ಚನ್ನಪಟ್ಟಣದಲ್ಲಿ ಒಬ್ಬರೂ ಇರಲಿಲ್ಲ. ಮಹಾರಾಜರ ಕಾಲದ ಮಾತು. ಅವರು ಆಸ್ಪತ್ರೆಯ ಗುಮಾಸ್ತರು. ಅಲ್ಲಿದ್ದ ಬಿಳಿಯ ಡಾಕ್ಟರಮ್ಮನ ಇಂಗ್ಲಿಷನ್ನು ರೋಗಿಗಳಿಗೆ ಕನ್ನಡದಲ್ಲಿ ಹೇಳುವುದೂ ಅವರದೇ ಕೆಲಸ. ಆಕೆಯ ಬಾಯಿಂದಲೇ ‘ಪರ್‌ಹ್ಯಾಪ್ಸ್’ ಎಂಬ ಮಾತು ಕಲಿತರು. ಬಹುಶಃ ಎಂದು ಅರ್ಥ. ಅರ್ಥವೇನೋ ಸಣ್ಣದು, ಚಿಕ್ಕಪ್ಪ ಮಾತ್ರ ಅದರೊಳಕ್ಕೆ ಸಂಸಾರ ಸಮೇತ ವಾಸಕ್ಕೇ ಹೋಗಿಬಿಟ್ಟರು.

“ಹಸಿವಾಗೈತಾ?” ಎಂದು ಚಿಕ್ಕಮ್ಮ ಕೇಳಿದರೆ, “ಪರ್‌ಹ್ಯಾಪ್ಸ್.”

“ಹಂಗಂದ್ರೆ ಮುದ್ದೆ ಇಕ್ಲೋ ಬ್ಯಾಡ್ವೋ?”

“ಅದು ಎರಡರ ನಡುವೆ ಐತೆ ಕಣೇ.”

ಚಿಕ್ಕಮ್ಮ ಅರ್ಧ ಮುದ್ದೆ ಇಕ್ಕಿ ಒಳಗೆ ಹೋದಳು. ಉಳಿದರ್ಧವನ್ನು ಚಿಕ್ಕಪ್ಪ ಅಪ್ಪಟ ಕನ್ನಡದಲ್ಲೇ ಕೇಳಬೇಕಾಯಿತು.

ನಮ್ಮಕ್ಕನನ್ನು ನೋಡಲು ಮಾಗಡಿ ಕಡೆಯ ಕಲ್ಯದಿಂದ ಗಂಡಿನವರು ಬಂದಾಗಲೂ ಅಷ್ಟೆ. ಅಕ್ಕ ಸ್ಕೂಲು ಕಂಡದ್ದು ಎರಡನೆಯ ಕ್ಲಾಸಿನವರೆಗೆ. “ಹುಡುಗಿ ಇಂಗ್ಲಿಷ್ ಓದವ್ಳಾ?” ಎಂದರು ಗಂಡಿನ ತಂದೆ. ಚಿಕ್ಕಪ್ಪ ರುಮಾಲು ಸರಿಮಾಡಿಕೊಂಡು, “ಪರ್‌ಹ್ಯಾಪ್ಸ್” ಎಂದರು. ಗಂಡಿನ ತಂದೆ ಹೆಂಡತಿಯ ಕಡೆ ತಿರುಗಿ, “ಪರಾಪ್ಸ್‌ಗಂಟ ಓದವ್ಳಂತೆ ಕಣಮ್ಮಿ. ಸಾಕು ಬುಡು” ಎಂದು ತಾಂಬೂಲ ತೆಗೆದುಕೊಂಡೇಬಿಟ್ಟರು!

ಒಂದು ದಿನ ಚಿಕ್ಕಮ್ಮ ಬುತ್ತಿ ಕೊಡಲು ಆಸ್ಪತ್ರೆಗೆ ಹೋಗಿದ್ದಳು. ಮುಂದಿನದು ಅವಳೇ ಹೇಳಿದ್ದು. ಮರಳವಾಡಿಯ ಹೆಂಗಸೊಬ್ಬಳು ಜ್ವರದಲ್ಲಿ ಕಣ್ಣು ಬಿಡದ ಮಗನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದಳಂತೆ. ಡಾಕ್ಟರಮ್ಮ ಮಗುವನ್ನು ಬಹಳ ಹೊತ್ತು ನೋಡಿ, ಮದ್ದು ಕುಡಿಸಿ, ಕೊನೆಗೆ ಆ ಒಂದೇ ಮಾತು ಹೇಳಿದರು: “ಪರ್‌ಹ್ಯಾಪ್ಸ್.”

ತಾಯಿ ಚಿಕ್ಕಪ್ಪನ ಮುಖ ನೋಡಿದಳು. “ಏನಂದ್ರು ಬುದ್ಧಿ? ನನ್ನ ಮಗ ಉಳೀತಾನಾ?”

ಚಿಕ್ಕಪ್ಪ ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಹುಡುಗನ ಪಕ್ಕ ನೆಲದ ಮೇಲೇ ಕೂತರು.

“ಉಳಿಸ್ಕೊಳ್ಳಾಣ ಕಣವ್ವ. ದೂರದಿಂದ ಬಂದು ಸೋತಿದ್ದೀಯ, ನೀನು ಒಸಿ ಉಣ್ಣು. ಅಲ್ಲೀಗಂಟ ಹಣೆಗೆ ಒದ್ದೆಬಟ್ಟೆ ನಾನು ಹಾಕ್ತೀನಿ.”

ಚಿಕ್ಕಮ್ಮ ಬುತ್ತಿಯನ್ನು ಬಿಚ್ಚಿ ಆ ಹೆಂಗಸಿನ ಮುಂದಿಟ್ಟಳು. ಚಿಕ್ಕಪ್ಪ ಆ ದಿನವೂ ಮಾರನೆಯ ದಿನವೂ ಮನೆಗೆ ಬರಲಿಲ್ಲ. ಚಿಕ್ಕಮ್ಮ ಮತ್ತೆ ಊಟ ಹೊತ್ತು ಹೋದಾಗ ಹುಡುಗನ ಮೈ ಬೆವೆತು ತಣ್ಣಗಾಗಿತ್ತು. ಗಂಜಿ ಬೇಕೆಂದು ಅಳುತ್ತಿದ್ದ.

ಚಿಕ್ಕಪ್ಪ ಅಲ್ಲಿರಲಿಲ್ಲ. ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಒಬ್ಬರೇ ನಿಂತು ಮುಖ ತೊಳೆಯುತ್ತಿದ್ದರು, ತೊಳೆದದ್ದೇ ತೊಳೆದದ್ದು. ಚಿಕ್ಕಮ್ಮ ಹತ್ತಿರ ಹೋಗಿ, ಒರೆಸಿಕೊಳ್ಳಲು ಸೆರಗು ಚಾಚಿದಳಂತೆ.