ತಂಬಿಗೆ, ನಲ್ಲಿ ಮತ್ತು ಅಂಕಿ ಒಂದು

ಕಳೆದ ವರ್ಷ ಜುಲೈ ತಿಂಗಳ ಮೂರನೇ ಶನಿವಾರ ಮಸ್ಕಿಯಲ್ಲಿ ನಲವತ್ತು ಶಿಕ್ಷಕರಿಗೆ ಚಿತ್ರಗಳ ಮೂಲಕ ಮಾತಾಡುವುದನ್ನು ಯಶಸ್ವಿಯಾಗಿ ಕಲಿಸಿದೆ. 'ಯಶಸ್ವಿಯಾಗಿ' ಎಂಬ ಪದವನ್ನು ಆ ದಿನ ನಾನೇ ಬರೆದ ವರದಿಯಿಂದ ಎತ್ತಿಕೊಂಡಿದ್ದೇನೆ. ಈಗ ಅದಕ್ಕೆ ನಾನು ಹೊಣೆಯಲ್ಲ.

ಹನ್ನೊಂದು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರ ತಪ್ಪು ತಿದ್ದಿದವಳು ನಾನು. ಆಮೇಲೆ ವಿಶೇಷ ಶಿಕ್ಷಣದ ಪದವಿ ಓದಿ, ಸಿಂಧನೂರಿನಲ್ಲಿ ಸಂಪನ್ಮೂಲ ಶಿಕ್ಷಕಿಯಾದೆ. ಮಾತು ಬಾರದ ಮಕ್ಕಳಿರುವ ತರಗತಿಗಳಿಗೆ ಚಿತ್ರದ ಹಲಗೆ ಮಾಡಿಕೊಡುವುದು, ಅದನ್ನು ಬಳಸಲು ಶಿಕ್ಷಕರಿಗೆ ಹೇಳಿಕೊಡುವುದು ನನ್ನ ಕೆಲಸ. ಮಗು ಚಿತ್ರ ಮುಟ್ಟುತ್ತದೆ, ಶಿಕ್ಷಕರು ಓದಿಕೊಳ್ಳುತ್ತಾರೆ. ಇದರಲ್ಲಿ ತಪ್ಪಾಗುವುದಕ್ಕೆ ಏನಿದೆ?

ಇಂಟರ್ನೆಟ್ಟಿನಿಂದ ಚಿತ್ರ ಇಳಿಸಿ, ಲ್ಯಾಮಿನೇಷನ್ ಮಾಡಿಸಿ ಮನೆಗೆ ತಂದೆ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನಡೆಸುವ ನನ್ನ ಯಜಮಾನರು ಹಲಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇದೇನಿದು, ವಾಷಿಂಗ್ ಮಷೀನಾ?"

"ಕಮೋಡ್ ರೀ! ಪಾಯಖಾನೆ ಅಂತ ಅರ್ಥ."

"ಯಾರ ಮನಿಯಾಗ ಐತಿ ಇಂಥದ್ದು?"

"ಇದು ಅಂತಾರಾಷ್ಟ್ರೀಯ ಮಟ್ಟದ ಚಿತ್ರ ರೀ."

"ಹಂಗಾದ್ರ ಅಂತಾರಾಷ್ಟ್ರೀಯ ಮಕ್ಕಳಿಗೆ ಕೊಡು," ಎಂದು ಅಂಗಡಿಗೆ ಹೋದರು. ನಾನು ಆ ಟೀಕೆಯನ್ನು ದಾಖಲಿಸಿಕೊಳ್ಳಲಿಲ್ಲ.

ಮಸ್ಕಿಯ ತರಬೇತಿಯಲ್ಲಿ ಒಂದು ಆಟ ಇಟ್ಟೆ. ಶಿಕ್ಷಕರು ಬಾಯಿ ಮುಚ್ಚಿ, ಬರೀ ಚಿತ್ರ ತೋರಿಸಿ ತಮಗೆ ಬೇಕಾದ್ದು ಕೇಳಬೇಕು. ಸ್ಯಾಂಡ್‌ವಿಚ್ ಚಿತ್ರವನ್ನು ಒಬ್ಬರು 'ಒದ್ದೆಯಾದ ಪುಸ್ತಕ' ಎಂದು ಓದಿದರು. ಕಮೋಡ್ ಬಂದಾಗ ಸಭೆ ಇಬ್ಭಾಗವಾಯಿತು. ಅರ್ಧ ಜನ ರೊಟ್ಟಿ ಮಷೀನು ಎಂದರು, ಅರ್ಧ ಜನ ಕ್ಷೌರದ ಕುರ್ಚಿ ಎಂದರು. ನಿವೃತ್ತಿಗೆ ಹತ್ತಿರವಾಗಿದ್ದ ಬಸಣ್ಣ ಮಾಸ್ತರು ಎದ್ದು ನಿಂತರು.

"ಮೇಡಂ, ಒಂದು ತಂಬಿಗಿ ಬರದುಬಿಡ್ರಿ. ತಂಬಿಗಿ ಹಿಡಕೊಂಡು ಹೊಂಟಾನ ಅಂದ್ರ ಎಲ್ಲಿಗೆ ಹೊಂಟಾನ ಅಂತ ಇಡೀ ಊರಿಗೆ ಗೊತ್ತಾಗತೈತಿ!"

ಚಪ್ಪಾಳೆ ಬಿತ್ತು. ನಾನು ಮುಕ್ತ ಮನಸ್ಸಿನವಳು. ಆ ರಾತ್ರಿಯೇ ಕಮೋಡ್ ಕಿತ್ತು ತಂಬಿಗೆ ಅಂಟಿಸಿದೆ. ಕುಡಿಯುವ ನೀರಿಗೆ ಬೇರೆ ಚಿತ್ರವಿತ್ತು, ನಲ್ಲಿ. ಗೊಂದಲಕ್ಕೆ ಅವಕಾಶವೇ ಇಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಹೊಸ ಹಲಗೆ ಮೊದಲು ಹೋಗಿದ್ದು ಬಳಗಾನೂರು ಬಸ್ಸಿನ ದಾರಿಯಲ್ಲಿ, ಕಾಲುವೆ ದಾಟಿದ ಮೇಲೆ ಸಿಗುವ ಒಂದು ಶಾಲೆಗೆ. ಅಲ್ಲಿ ಎರಡನೇ ತರಗತಿಯಲ್ಲಿ ರೇಷ್ಮಾ ಇದ್ದಳು. ಮಾತಿಲ್ಲ. ಕೈಬೆರಳುಗಳು ಬಿಚ್ಚಿಕೊಳ್ಳುವುದಿಲ್ಲ. ಆದರೆ ಮುಷ್ಟಿಯಿಂದ ಬೇಕಾದ ಚಿತ್ರದ ಮೇಲೆ ಗುರಿಯಿಟ್ಟು ಬಡಿಯುತ್ತಾಳೆ. ಅವಳ ತಾಯಿ ಮೆಹಬೂಬಿ ದಿನಾ ಮಗಳನ್ನು ಸೊಂಟದ ಮೇಲೆ ಹೊತ್ತು ತಂದು, ಸಂಜೆವರೆಗೂ ಶಾಲೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಕಾರಣ ಒಂದೇ. ಮಗಳಿಗೆ ಯಾವಾಗ ಹೊರಗೆ ಹೋಗಬೇಕು ಎಂಬುದು ಶಾಲೆಯಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಭತ್ತದ ನಾಟಿ ಶುರುವಾಗಿತ್ತು. ನಾಟಿ ಕೂಲಿಯ ಗುಂಪಿನ ಜೊತೆ ಗದ್ದೆಗೆ ಇಳಿಯದಿದ್ದರೆ ಆ ವರ್ಷ ಮೆಹಬೂಬಿಗೆ ಗುಂಪಿನಲ್ಲಿ ಜಾಗವಿಲ್ಲ.

ಹೆಡ್ ಮಾಸ್ತರು ಸೀದಾ ಹೇಳಿದರು. "ತಾಯಿ ಇಲ್ದಂಗ ಎಂಟು ದಿನ ನೋಡೂಣು. ನಡೀತಂದ್ರ ಸಾಲಿ. ಇಲ್ಲಾಂದ್ರ ಮನಿಯಾಗ ಕುಂತು ಕಲೀಲಿ."

"ಎಂಟು ದಿನ ಯಾಕ್ರೀ ಸರ್, ಮೂರು ದಿನ ಸಾಕು," ಎಂದೆ. ಈ ಮಾತನ್ನೂ ನಾನೇ ಆಡಿದ್ದು!

ಮೂರನೇ ದಿನ ಮಧ್ಯಾಹ್ನ ಪ್ರಗತಿ ತೋರಿಸಲು ಹೆಡ್ ಮಾಸ್ತರನ್ನು ಕರೆದುಕೊಂಡು ತರಗತಿಗೆ ಹೋದೆ. ಬಾಗಿಲಲ್ಲೇ ತರಗತಿಯ ಶಿಕ್ಷಕಿ ಶಿವಲೀಲಾ ಖುಷಿಯಿಂದ ಎದುರಾದರು. ಅವರು ಮಸ್ಕಿಗೆ ಬಂದು ತರಬೇತಿ ಪಡೆದವರೇ.

"ಮೇಡಂ, ಹಲಗಿ ಭಾಳ ಛಲೋ ಐತ್ರೀ! ಊಟ ಆದಾಗಿಂದ ಮೂರು ಸಲ ತಂಬಿಗಿ ಬಡದು ನೀರು ಕೇಳ್ಯಾಳ. ಮೂರು ಸಲನೂ ಗ್ಲಾಸ್ ತುಂಬ ಕುಡಿಸೀನಿ."

ಮಸ್ಕಿಯಲ್ಲಿ ಅವರ ಕೈಗೆ ಕೊಟ್ಟಿದ್ದು ಕಮೋಡಿದ್ದ ಹಲಗೆ. ತಂಬಿಗೆಯ ಹೊಸ ಅರ್ಥ ಬಸಣ್ಣ ಮಾಸ್ತರಿಗೆ ಗೊತ್ತು, ನನಗೆ ಗೊತ್ತು. ಅದೇ ಅಂತಿಮ ಎಂದು ಶಿವಲೀಲಾ ಅವರಿಗೆ ಹೇಳುವುದನ್ನು ನಾನು ಮರೆತಿದ್ದೆ. ಆ ಶಾಲೆಯಲ್ಲಿ ಮಕ್ಕಳು ನೀರು ಕುಡಿಯುವುದು ಡ್ರಮ್ಮಿನ ಪಕ್ಕದ ತಂಬಿಗೆಯಿಂದ. ಊರಲ್ಲಿ ನಲ್ಲಿಯೇ ಇಲ್ಲ!

ಇದೆಲ್ಲ ಆ ಕ್ಷಣದಲ್ಲಿ ನನ್ನ ತಲೆಗೆ ಹೊಳೆದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಡ್ ಮಾಸ್ತರು ಪಕ್ಕದಲ್ಲಿದ್ದರು, ನಾನು ಗೆಲುವಿನಲ್ಲಿದ್ದೆ. ಅಷ್ಟರಲ್ಲಿ ರೇಷ್ಮಾ ಹಲಗೆಯ ಕೆಳಸಾಲಿಗೆ ಮುಷ್ಟಿ ಇಳಿಸಿದಳು. ಅದು ಗಣಿತದ ಸಾಲು. ಜಾಗ ಉಳಿದಿದ್ದಕ್ಕೆ ಒಂದರಿಂದ ಐದರವರೆಗೆ ಅಂಕಿ ಹಾಕಿಸಿದ್ದೆ. ಅವಳು ಒಂದರ ಮೇಲೆ ಬಡಿದಳು.

"ನೋಡ್ರಿ ಸರ್! ಅಂಕಿನೂ ಗುರುತಿಸ್ತಾಳ!"

ಮತ್ತೆ ಒಂದರ ಮೇಲೆ ಬಡಿದಳು.

"ಶಾಬಾಶ್! ಒಂದಾದ ಮೇಲೆ ಯಾವುದವ್ವಾ?"

ಒಂದು.

"ಒಂದು ಆಯ್ತಲ್ಲ ಪುಟ್ಟಿ. ಈಗ ಎರಡು ತೋರಿಸು."

ರೇಷ್ಮಾ ನನ್ನ ಮುಖ ನೋಡಿದಳು. ಇಷ್ಟು ದೊಡ್ಡ ಹೆಂಗಸಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬ ನೋಟ. ಒಂದರ ಮೇಲೆ ಹಲಗೆ ಅದುರುವ ಹಾಗೆ ಬಡಿದಳು.

"ಎರಡು ಇನ್ನೂ ಬಂದಿಲ್ಲ ಸರ್. ಕಲಿಸ್ತೀನಿ," ಎಂದೆ.

ಆಗ ಹಿಂದಿನಿಂದ ಇಡೀ ತರಗತಿ ಕೂಗಿತು. "ಟೀಚರ್, ಅಕಿ ಒಂದಕ್ಕ ಅನ್ನಾಕತ್ಯಾಳ್ರೀ!" ಮೂವತ್ತು ಕಿರುಬೆರಳು ಒಟ್ಟಿಗೆ ಮೇಲೆದ್ದವು.

ಒಂದಕ್ಕ! ನಾನೂ ಈ ಸೀಮೆಯ ಶಾಲೆಯಲ್ಲೇ ಕಿರುಬೆರಳೆತ್ತಿ ಹೊರಗೆ ಓಡಿದವಳು. ರೇಷ್ಮಾಳ ಬೆರಳು ಏಳುವುದಿಲ್ಲ. ಅದಕ್ಕೆ ಅವಳು ಅಂಕಿ ಹುಡುಕಿಕೊಂಡಿದ್ದಳು. ಎರಡು ಅವಳಿಗೆ ಬೇಕಿರಲಿಲ್ಲ, ಹಾಗಾಗಿ ತೋರಿಸಲಿಲ್ಲ.

ಆಮೇಲೆ ನಡೆದದ್ದರ ವಿವರ ಬೇಡ. ಅವಳ ಪಕ್ಕ ಮಂಡಿಯೂರಿ ಕೂತಿದ್ದ ನನ್ನ ಸೀರೆ ಒದ್ದೆಯಾಯಿತು. ಮೂರು ಗ್ಲಾಸ್ ಎಂಬುದು ಖಚಿತ ಅಂಕಿ. ರೇಷ್ಮಾ ನನ್ನ ಸೀರೆ ನೋಡಿ ಕಿಲಕಿಲ ನಕ್ಕಳು.

ಸಂಜೆ ಮೆಹಬೂಬಿ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಗದ್ದೆಯಿಂದ ಓಡಿ ಬಂದಳು. ಹೆಡ್ ಮಾಸ್ತರು ಮನೆಯಲ್ಲಿ ಕಲಿಯುವ ಮಕ್ಕಳ ರಿಜಿಸ್ಟರನ್ನು ಆಗಲೇ ಮೇಜಿನ ಮೇಲೆ ತೆಗೆದಿಟ್ಟಿದ್ದರು.

"ಕ್ಯಾ ಬೋಲಿ ಬೇಟಾ?" ಏನು ಹೇಳಿದೆ ಎಂದು ಮಗಳನ್ನು ಕೇಳುತ್ತ ಅವಳ ಕೆನ್ನೆ ಮುಟ್ಟಿ, ಹಲಗೆ ನೋಡಿ, ನನ್ನ ಕಡೆ ತಿರುಗಿದಳು. "ಮನ್ಯಾಗೂ ಹಿಂಗ ರೀ ಮೇಡಂ. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್‌ದಾಗ ಒಂದನೇ ತಾರೀಖು ಬಡೀತಾಳ."

"ಮೊದಲೇ ಯಾಕ ಹೇಳಲಿಲ್ಲ ಮೆಹಬೂಬಿ?"

"ನೀವು ಕೇಳಿದ್ರೇನು? ಬಂದ ದಿನದಿಂದ ನೀವ ಹೇಳಾಕತ್ತೀರಿ."

ಎರಡೂ ಕಡೆಯವರನ್ನು ಕೇಳಿದಿರಾ ಎಂದು ಹನ್ನೊಂದು ವರ್ಷ ವರದಿಗಾರರನ್ನು ಕಾಡಿದವಳು ನಾನು. ಇಲ್ಲಿ ಒಂದು ಕಡೆಯನ್ನೂ ಕೇಳಿರಲಿಲ್ಲ.

ಆದರೂ ಜಗ್ಗಲಿಲ್ಲ. "ಸರ್, ಅಕಿ ಸರಿಯಾಗೇ ಹೇಳ್ಯಾಳ. ನಾಲ್ಕು ಸಲ ಹೇಳ್ಯಾಳ. ಓದಾಕ ಬರದೇ ಇದ್ದಿದ್ದು ನನಗ. ಮನಿಗೆ ಕಳಿಸೋದಾದ್ರ ನನ್ನ ಕಳಿಸ್ರಿ."

ಹೆಡ್ ಮಾಸ್ತರು ನನ್ನ ಸೀರೆ ನೋಡಿದರು. "ನೀವು ಹೆಂಗೂ ಮನಿಗೆ ಹೋಗೋದ ಛಲೋ ಮೇಡಂ," ಎಂದು ರಿಜಿಸ್ಟರ್ ಮುಚ್ಚಿದರು. "ಇನ್ನೆಂಟು ದಿನ. ಕಡೀದು."

ಆ ಎಂಟು ದಿನವೂ ನಾನು ಬೆಳಗಿನ ಬಸ್ಸಿಗೆ ಹೋದೆ. ನಾಟಿಗೆ ಹೋಗುವ ಮುನ್ನ ಮೆಹಬೂಬಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಶಿವಲೀಲಾ ಅವರು ಚಿತ್ರ ಬರೆದರು. ಒಂದರ ಪಕ್ಕ ಕಿರುಬೆರಳು ಬಂತು. ತಂಬಿಗೆ ನೀರಿನದ್ದೇ ಆಯಿತು. ನಲ್ಲಿ ಹೋಯಿತು, ಸ್ಯಾಂಡ್‌ವಿಚ್ ಹೋಗಿ ರೊಟ್ಟಿ ಬಂತು. ಮೊದಲ ದಿನ ರೇಷ್ಮಾ ಸುಮ್ಮನೆ ಪರೀಕ್ಷೆಗೆಂದು ಆರು ಸಲ ಒಂದರ ಮೇಲೆ ಬಡಿದಳು. ಆರು ಸಲವೂ ಎತ್ತಿಕೊಂಡು ಓಡಿದೆವು. ಎಂಟನೇ ದಿನದವರೆಗೆ ಬೇರೇನೂ ಅನಾಹುತ ಆಗಲಿಲ್ಲ. ಮೆಹಬೂಬಿ ನಾಟಿ ಮುಗಿಯುವವರೆಗೂ ಗುಂಪಿನಲ್ಲಿದ್ದಳು.

ಮಸ್ಕಿಯ ನಲವತ್ತು ಶಿಕ್ಷಕರಿಗೂ ತಿದ್ದುಪಡಿ ಕಳಿಸಿದೆ. ಲಿಂಗಸುಗೂರಿನ ತರಬೇತಿಗೆ ಖಾಲಿ ಹಲಗೆ ಒಯ್ದೆ, ಮೊದಲು ಮನೆಯವರನ್ನು ಕೇಳಿ ಬನ್ನಿ ಎಂದು ಶಿಕ್ಷಕರನ್ನು ವಾಪಸ್ ಕಳಿಸಿದೆ. ಊಟಕ್ಕೆ ಮೊದಲೇ ತರಬೇತಿ ಮುಗಿಸಿದ ಮೊದಲ ಸಂಪನ್ಮೂಲ ವ್ಯಕ್ತಿ ಎಂದು ಅಲ್ಲಿ ನನಗೆ ಒಳ್ಳೆಯ ಹೆಸರಿದೆ.

ರೇಷ್ಮಾ ಈಗ ಮೂರನೇ ತರಗತಿಯಲ್ಲಿದ್ದಾಳೆ. ಬೇಕಾದವರನ್ನು ಕರೆಯಲಿ ಎಂದು ಶಿವಲೀಲಾ ಅವರು ಹಲಗೆಗೆ ಜನರ ಫೋಟೊ ಅಂಟಿಸಿದ್ದಾರೆ. ತಾಯಿ ಇದ್ದಾಳೆ, ಹೆಡ್ ಮಾಸ್ತರಿದ್ದಾರೆ, ಅಡುಗೆಯವರಿದ್ದಾರೆ. ಕಳೆದ ಸೋಮವಾರ ನನ್ನದೂ ಒಂದು ಫೋಟೊ ಕೊಟ್ಟು ಬಂದೆ. ಅಂಟಿಸಲೇ ಎಂದು ಅವಳನ್ನು ಕೇಳಿದರಂತೆ. ರೇಷ್ಮಾ 'ಬ್ಯಾಡ' ಚಿತ್ರದ ಮೇಲೆ ಎರಡು ಸಲ ಬಡಿದಳಂತೆ.